ಮೂರಿಂಚಿನ ಏಳಿಗೆ

ಸಕಲೇಶಪುರದ ಕಡೆ ಕಾಫಿ ತೋಟ ಮಾಡಿಕೊಂಡಿರುವ ನಮ್ಮ ಭಾವನವರಿಗೆ ಅಕ್ಕನ ಮೇಲೆ ಎಷ್ಟು ಪ್ರೀತಿಯಿದೆಯೋ, ತಮ್ಮ ಹಳೆಯ ಮಹೀಂದ್ರ ಎಂಎಂ 540 ಜೀಪಿನ ಮೇಲೂ ಅಷ್ಟೇ ಪ್ರೀತಿಯಿದೆ. ಮಳೆಗಾಲದಲ್ಲಿ ಮಾತ್ರ ತಕ್ಕಡಿ ಜೀಪಿನ ಕಡೆಗೆ ಸ್ವಲ್ಪ ವಾಲುತ್ತದೆ. 1985ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಗೆ 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್ ಇದೆ. ಆ ಎಂಜಿನ್ ಚಾಲೂ ಆದ ಮೇಲೆ ಒಳಗಿದ್ದವರು ಮಾತು ನಿಲ್ಲಿಸುವುದು ವಾಡಿಕೆಯಾದ್ದರಿಂದ, ಭಾವನವರ ಯಾವ ನಿರ್ಧಾರಕ್ಕೂ ಜೀಪಿನೊಳಗೆ ಇದುವರೆಗೆ ವಿರೋಧ ಬಂದಿಲ್ಲ.

ಮನೆಯಿಂದ ಡಾಂಬರು ರಸ್ತೆಗೆ ಹೋಗುವ ತೋಟದ ದಾರಿಯಲ್ಲಿ ಟ್ರ್ಯಾಕ್ಟರಿನ ಚಕ್ರಗಳು ಮುಂಗಾರಿನ ಉದ್ದಕ್ಕೂ ಎರಡು ಚರಂಡಿಗಳನ್ನು ಕೊರೆದು, ನಡುವೆ ಒಂದು ದಿಬ್ಬವನ್ನು ಉಳಿಸಿದ್ದವು. ಜೀಪಿನ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್‌ನ ನಡುವೆ ಇರುವ, ಗೇರುಗಳನ್ನು ಹೊತ್ತ ಡಿಫರೆನ್ಷಿಯಲ್ ಗುಂಡು ಆ ದಿಬ್ಬಕ್ಕೆ ದಿನವೂ ಬಡಿಯುತ್ತಿತ್ತು. ಆದ್ದರಿಂದ ಜೀಪನ್ನೇ ಎತ್ತರಿಸಬೇಕೆಂದು ಭಾವನವರು ತೀರ್ಮಾನಿಸಿದರು. ಇಬ್ಬರು ಆಳುಗಳಿಗೆ ಗುದ್ದಲಿ ಕೊಟ್ಟು ಒಂದು ಬೆಳಿಗ್ಗೆ ದಿಬ್ಬವನ್ನು ಕಡಿಸಿದರೆ ಸಾಲದೇ ಎಂದು ಅಕ್ಕ ಕೇಳಿದಳು. ಆದರೆ ಗಂಡಸರು ಗಂಭೀರವಾದ ತಾಂತ್ರಿಕ ಚರ್ಚೆಯಲ್ಲಿ ತೊಡಗಿರುವಾಗ ಅಂಥ ಮಾತುಗಳನ್ನು ಕೇಳಿಸಿಕೊಳ್ಳುವ ಪದ್ಧತಿ ನಮ್ಮ ಕಡೆ ಇಲ್ಲ.

ವೆಚ್ಚದ ಮಿತಿಯನ್ನು ಅಕ್ಕನೇ ಗೊತ್ತುಮಾಡಿದಳು: ಒಂದು ಮೂಟೆ ಕರಿಮೆಣಸು ಮಾರಿದರೆ ಬರುವ ಹಣ, ಅದರ ಮೇಲೆ ಒಂದು ಕಾಳೂ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದಾಗ ತಿಳಿದದ್ದೇನೆಂದರೆ, ಹೊಸ ಬ್ಲೇಡ್ ಸೆಟ್ಟು (ಗಾಡಿಯ ಭಾರ ಹೊರುವ, ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು), ಉದ್ದದ ಶಾಕ್ ಅಬ್ಸಾರ್ಬರು, ಯು ಬೋಲ್ಟು, ಬುಶ್ಶು ಎಲ್ಲವನ್ನೂ ಒಟ್ಟಿಗೆ ಕೊಳ್ಳುವುದಾದರೆ ಮೆಣಸಿನ ಜೊತೆಗೆ ಬಳ್ಳಿಗಳನ್ನೂ, ಬಳ್ಳಿ ಹಬ್ಬಿದ ಸಿಲ್ವರ್ ಮರಗಳನ್ನೂ ಮಾರಬೇಕಾಗುತ್ತಿತ್ತು. ಹಾಗಾಗಿ ಕೆಲಸವನ್ನು ಊರಿನಲ್ಲಿಯೇ, ಸಿಕ್ಕಿದ ಸಾಮಾನಿನಲ್ಲಿಯೇ ಮಾಡಿಸುವುದೆಂದಾಯಿತು.

ಮೊದಲ ಪ್ರಯೋಗಕ್ಕೆ ಸ್ಫೂರ್ತಿ ಕೊಟ್ಟದ್ದು ಹಾಲು ಸಾಗಿಸುವ ಒಂದು ಪಿಕಪ್ ವಾಹನ. ಅದರ ಹಿಂದಿನ ಆಕ್ಸಲ್ ಮತ್ತು ಬ್ಲೇಡ್ ಸೆಟ್ಟಿನ ನಡುವೆ ಎರಡು ಇಂಚಿನ ಕಬ್ಬಿಣದ ಬ್ಲಾಕ್‌ಗಳನ್ನು ಕೂರಿಸಿ ಉದ್ದದ ಯು ಬೋಲ್ಟ್ ಬಿಗಿದಿದ್ದರು. ಗಾಡಿ ಚೆನ್ನಾಗಿಯೇ ಎದ್ದು ನಿಂತಿತ್ತು. ಅಂಥದ್ದೇ ಬ್ಲಾಕ್‌ಗಳನ್ನು ಭಾವನವರು ಲೇತ್ ಅಂಗಡಿಯಲ್ಲಿ ಮಾಡಿಸಿದರು. ಪಿಕಪ್ಪು ಮತ್ತು ಟೆಂಪೋಗಳಲ್ಲಿಯೇ ತಲೆ ನರೆತ ನಮ್ಮ ಮೆಕ್ಯಾನಿಕ್ ಜೀಪಿನ ಹಿಂಭಾಗವನ್ನು ಜಾಕ್ ಮೇಲೆ ಎತ್ತಿ, ಬ್ಲಾಕ್‌ಗಳನ್ನು ಕೂರಿಸಿ, ಊದುಬತ್ತಿ ಹಚ್ಚಿ ಜಾಕ್ ಇಳಿಸಿದ. ಜೀಪು ಇಳಿಯಿತು. ಮೊದಲು ಇದ್ದಲ್ಲಿಗೆ ಬಂದು ನಿಲ್ಲಬಹುದೆಂದುಕೊಂಡರೆ ಅದನ್ನೂ ದಾಟಿ ಇನ್ನೆರಡು ಇಂಚು ಇಳಿಯಿತು. ಎಲ್ಲರೂ ಟೈರ್ ಪಂಕ್ಚರ್ ಆಗಿದೆಯೆಂದು ಬಗ್ಗಿ ನೋಡಿದರು. ಗಾಳಿ ಸರಿಯಾಗಿಯೇ ಇತ್ತು. ಮೂಗನ್ನು ಮೇಲಕ್ಕೆತ್ತಿ ಹಿಂಭಾಗವನ್ನು ನೆಲಕ್ಕೆ ಊರಿ, ಆ ಜೀಪು ಕೆಸರಿನಲ್ಲಿ ಕುಳಿತ ಎಮ್ಮೆಯಂತೆ ನಮ್ಮನ್ನು ನಿರುದ್ವಿಗ್ನವಾಗಿ ನೋಡುತ್ತಿತ್ತು.

ಕಾರಣ ಸರಳವಾದದ್ದು, ಗೊತ್ತಾದ ಮೇಲೆ. ಪಿಕಪ್ಪಿನಲ್ಲಿ ಬ್ಲೇಡ್ ಸೆಟ್ಟು ಆಕ್ಸಲ್‌ನ ಮೇಲೆ ಕೂತಿರುತ್ತದೆ. ನಡುವೆ ಬ್ಲಾಕ್ ಇಟ್ಟರೆ ಬ್ಲೇಡೂ ಅದರೊಂದಿಗೆ ಗಾಡಿಯ ಚೌಕಟ್ಟಾದ ಚಾಸಿಯೂ ಮೇಲೇರುತ್ತವೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ವಂಶಕ್ಕೆ ಸೇರಿದ ಈ ಹಳೆಯ ಜೀಪುಗಳಲ್ಲಿ ಬ್ಲೇಡ್ ಸೆಟ್ಟು ಆಕ್ಸಲ್‌ನ ಅಡಿಯಲ್ಲಿ ತೂಗುತ್ತದೆ. ಅಲ್ಲಿ ಬ್ಲಾಕ್ ತುರುಕಿದರೆ ಬ್ಲೇಡು ಕೆಳಕ್ಕೆ ತಳ್ಳಲ್ಪಟ್ಟು ಚಾಸಿಯನ್ನೂ ತನ್ನ ಜೊತೆಗೆ ಕೆಳಗೆಳೆಯುತ್ತದೆ. ಇದನ್ನು ನಮಗೆ ವಿವರಿಸಿದವರು ಹಾಸನದ ಬ್ಲೇಡ್ ವರ್ಕ್ಸ್‌ನ ಹಿರಿಯ ಸಾಹೇಬರು. ವಿವರಿಸುವಾಗ ಅವರು ನಗಲಿಲ್ಲ. ಅವರ ಅಂಗಡಿಯ ಹುಡುಗರು ಮಾತ್ರ ಲಾರಿಯೊಂದರ ಹಿಂದೆ ಹೋಗಿ ನಕ್ಕು ಬಂದರು.

ಸಾಹೇಬರು ಸೆಟ್ಟುಗಳನ್ನು ಬಿಚ್ಚಿ, ಸೋತು ಚಪ್ಪಟೆಯಾಗಿದ್ದ ಕೆಲವು ಬ್ಲೇಡುಗಳನ್ನು ಬೇರೆಯಿಟ್ಟರು. ಉಳಿದವನ್ನು ಹೊಡೆದು ಬಾಗು ಏರಿಸಿ, ಪ್ರತಿ ಸೆಟ್ಟಿಗೂ ಒಂದು ಬ್ಲೇಡನ್ನು ಹೆಚ್ಚಿಗೆ ಸೇರಿಸಿದರು. ಇದರಿಂದ ಎರಡು ಇಂಚು ದಕ್ಕಿತು. ಮೂರನೆಯ ಇಂಚಿಗಾಗಿ ಭಾವನವರು ಬ್ಲೇಡಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಯನ್ನು, ಅಂದರೆ ಶ್ಯಾಕಲ್ಲನ್ನು, ಉದ್ದದ್ದು ಹಾಕಿಸಿದರು. ಶ್ಯಾಕಲ್ ಬ್ಲೇಡಿನ ಒಂದು ತುದಿಯಲ್ಲಿ ಮಾತ್ರ ಇರುವುದರಿಂದ ಅದನ್ನು ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಒಂದೇ ಇಂಚು. ಸರ್ಕಾರಿ ಅನುದಾನದಂತೆ ಅರ್ಧ ದಾರಿಯಲ್ಲಿಯೇ ಸೋರಿಹೋಗುತ್ತದೆ. ಆ ಒಂದು ಇಂಚಿಗೆ ತೆತ್ತ ಬೆಲೆ ಬೇರೆಯೇ ಇತ್ತು. ಮುಂದಿನ ಆಕ್ಸಲ್ ಸ್ವಲ್ಪ ವಾಲಿ, ಚಕ್ರ ತಿರುಗುವ ಕೀಲಿನ ಓರೆ, ಅಂದರೆ ಕ್ಯಾಸ್ಟರ್ ಕೋನ, ತಗ್ಗಿದ್ದರಿಂದ, ತಿರುವಿನ ನಂತರ ತಾನಾಗಿಯೇ ಸರಿಹೋಗುತ್ತಿದ್ದ ಸ್ಟೀರಿಂಗ್ ಈಗ ತಿರುಗಿದಲ್ಲಿಯೇ ಉಳಿಯತೊಡಗಿತು. ನೇರವಾದ ರಸ್ತೆಯಲ್ಲಿಯೂ ಜೀಪು ಎಡಬಲದ ಎರಡೂ ತೋಟಗಳನ್ನು ವಿಚಾರಿಸಿಕೊಂಡು ಹೋಗುತ್ತಿತ್ತು. ಆಕ್ಸಲ್‌ನ ಕೆಳಗೆ ಬೆಣೆಯಾಕಾರದ ತಗಡು ಕೊಟ್ಟು ಸಾಹೇಬರು ಅದನ್ನು ತಕ್ಕಮಟ್ಟಿಗೆ ಸರಿಪಡಿಸಿದರು. ಚಕ್ರ ಹಳ್ಳಕ್ಕೆ ಇಳಿದಾಗ ಬ್ರೇಕಿನ ಎಣ್ಣೆ ಹರಿಯುವ ಹೋಸ್ ತಂತಿಯಂತೆ ಬಿಗಿಯುವುದನ್ನು ತೋರಿಸಿ, ಇದೊಂದರಲ್ಲಿ ಮಾತ್ರ ಉಳಿತಾಯ ಬೇಡವೆಂದು ಗದರಿ, ಉದ್ದದ ಹೋಸ್ ಹಾಕಿಸುವವರೆಗೆ ಕೀಲಿಕೈಯನ್ನು ತಮ್ಮ ಜೇಬಿನಲ್ಲಿಯೇ ಇಟ್ಟುಕೊಂಡರು. ಈ ಇಡೀ ಪ್ರಕರಣದಲ್ಲಿ ವಿವೇಕದ ಕೆಲಸವೆಂದು ನಾನು ಒಪ್ಪುವುದು ಇದೊಂದನ್ನೇ. ಮೆಣಸಿನ ಮೂಟೆ ಅಷ್ಟರಲ್ಲಿ ತಳ ಕಂಡಿತ್ತು.

ಎತ್ತರವಾದ ಜೀಪು ಊರಿಗೆ ಬಂದದ್ದು ಸಂಜೆಯ ಹೊತ್ತಿನಲ್ಲಿ. ಹೆಡ್‌ಲೈಟ್‌ಗಳ ಕೋನವನ್ನು ಬದಲಿಸಲು ಯಾರಿಗೂ ನೆನಪಾಗದ ಕಾರಣ ರಸ್ತೆಯ ಮೇಲೆ ಕತ್ತಲಿತ್ತು, ಅತ್ತಿಮರಗಳ ತುದಿ ಮಾತ್ರ ಝಗಮಗಿಸುತ್ತಿತ್ತು. ಎದುರು ಬಂದ ಬೈಕಿನವರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮ ಪೂರ್ವಜರನ್ನು ಸ್ಮರಿಸಿದರು. ಮನೆಯ ಮುಂದಿನ ಹೆಂಚಿನ ಶೆಡ್ಡಿಗೆ ಜೀಪನ್ನು ಎಂದಿನ ಗತ್ತಿನಲ್ಲಿ ನುಗ್ಗಿಸಿದಾಗ ಹುಡ್ಡಿನ ಕಂಬಿ ಮಾಡಿನ ತೊಲೆಗೆ ಸಿಕ್ಕಿಕೊಂಡು, ಹೆಂಚುಗಳು ಸಾಲಾಗಿ ಬಾನೆಟ್ಟಿನ ಮೇಲೆ ಇಳಿದವು. ಅಂದಿನಿಂದ ಜೀಪು ಅಂಗಳದಲ್ಲಿ ಮಳೆಗೆ ನಿಂತಿದೆ, ಶೆಡ್ಡಿನಲ್ಲಿ ಕೋಳಿಗಳಿವೆ.

ಮರುದಿನ ಭಾವನವರ ತಾಯಿಯನ್ನು ದೇವಸ್ಥಾನಕ್ಕೆ ಕರೆದೊಯ್ಯಬೇಕಾಗಿತ್ತು. ದೊಡ್ಡಮ್ಮ ಸೀರೆಯ ನೆರಿಗೆ ಎತ್ತಿಹಿಡಿದು ಒಂದು ಕಾಲಿಟ್ಟು ನೋಡಿದರು, ಇಳಿಸಿದರು, ಇನ್ನೊಂದು ಕಾಲಿಟ್ಟು ನೋಡಿದರು. ಕೊನೆಗೆ ಹಿತ್ತಲಿನಿಂದ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಮರದ ಸ್ಟೂಲು ಬಂತು. ದೇವಸ್ಥಾನದಲ್ಲಿ ಇಳಿಯಲು ಅದು ಮತ್ತೆ ಬೇಕಾಗುತ್ತದೆಂದು ಯಾರೋ ಬುದ್ಧಿವಂತರು ಸೂಚಿಸಿದ್ದರಿಂದ ಸ್ಟೂಲು ಅವರ ಪಕ್ಕದ ಸೀಟಿನಲ್ಲಿ ಕುಳಿತಿತು, ನಾನು ಹಿಂದೆ ಕಾಯಿಯ ಬುಟ್ಟಿಯ ಜೊತೆ ನಿಂತೆ. ಹೆಚ್ಚಿಗೆ ಸೇರಿಸಿದ ಬ್ಲೇಡಿನಿಂದ ಜೀಪು ಎಷ್ಟು ಬಿರುಸಾಗಿತ್ತೆಂದರೆ, ಗುಡಿ ತಲುಪುವ ಹೊತ್ತಿಗೆ ಕಾಯಿಗಳು ಒಡೆಯುವ ಕೆಲಸವನ್ನು ತಾವೇ ಮುಗಿಸಿಕೊಂಡಿದ್ದವು.

ಇವೆಲ್ಲವನ್ನೂ ಸಹಿಸಬಹುದಾಗಿತ್ತು, ಮೂಲ ಉದ್ದೇಶ ಈಡೇರಿದ್ದರೆ. ಹಿಂದಿರುಗುವಾಗ ತೋಟದ ದಾರಿಯಲ್ಲಿ, ಅದೇ ಜಾಗದಲ್ಲಿ, ಅದೇ ಸದ್ದು ಬಂತು: ಗುಂಡು ದಿಬ್ಬಕ್ಕೆ ಬಡಿದಿತ್ತು. ಏಕೆಂದರೆ ಬ್ಲೇಡು ಎತ್ತುವುದು ಚಾಸಿಯನ್ನೇ ಹೊರತು ಆಕ್ಸಲ್ಲನ್ನಲ್ಲ. ಆಕ್ಸಲ್ಲು ಎರಡು ಚಕ್ರಗಳ ನಡುವೆ ಚಾಚಿಕೊಂಡಿರುವ ದೊಣ್ಣೆ. ಅದು ನೆಲದಿಂದ ಎಷ್ಟು ಎತ್ತರದಲ್ಲಿರಬೇಕೆಂದು ನಿಶ್ಚಯಿಸುವುದು ಟೈರು ಮಾತ್ರ. ಟೈರಿನ ವ್ಯಾಸ ಎರಡು ಇಂಚು ಹೆಚ್ಚಿದರೆ ಗುಂಡು ಒಂದು ಇಂಚು ಏರುತ್ತದೆ. ಭಾವನವರು 6.00-16ರ ಟೈರುಗಳನ್ನು ಬಿಚ್ಚಿಸಿ, ಯಾರೋ ಬಳಸಿಬಿಟ್ಟ 7.00-16ರವನ್ನು ಹಾಕಿಸಿದರು. ಇದಕ್ಕೆ ಹಣ ಎಲ್ಲಿಂದ ಬಂತೆಂದು ಅಕ್ಕ ಕೇಳಿದಾಗ, ಬ್ಲಾಕ್‌ಗಳನ್ನು ಪಿಕಪ್ಪಿನವನೊಬ್ಬನಿಗೆ ಮಾರಿದೆನೆಂದು ಹೇಳಿದರು. ಬ್ಲಾಕ್ ಮಾರಿದ ಹಣದಲ್ಲಿ ನಾಲ್ಕು ಟೈರು ಬರುವುದಿಲ್ಲವೆಂಬುದು ಅಕ್ಕನಿಗೂ ಗೊತ್ತು. ಎರಡನೆಯ ಮೂಟೆಯ ವಿಷಯವನ್ನು ಅವಳು ಸಮಯ ನೋಡಿ ಎತ್ತಲಿದ್ದಾಳೆ. ದೊಡ್ಡ ಟೈರಿನಿಂದ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆಂದು ಮೆಕ್ಯಾನಿಕ್ ಎಚ್ಚರಿಸಿದ. ಅದು ನಿಂತುಹೋಗಿ ಯುಗವಾಗಿದ್ದರಿಂದ ನಮಗೆ ಆ ಭಯವಿರಲಿಲ್ಲ.

ಈಗಿನ ತೊಂದರೆ ಎಫ್‌ಸಿಯದು, ಅಂದರೆ ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರದ್ದು. ಸ್ವಂತ ಬಳಕೆಯ ವಾಹನಕ್ಕೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು, ಅದಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಖಚಿತವಾಗಿ ಹೇಳಿದೆ. ಆದ್ದರಿಂದ ಜೀಪು ತನ್ನ ಹುಟ್ಟಿದ ಎತ್ತರಕ್ಕೆ ಮರಳಬೇಕಾಗಿದೆ. ಹಳೆಯ ಬ್ಲೇಡುಗಳನ್ನು ಹುಡುಕಿದಾಗ, ಜೀಪಿನ ಬ್ಲೇಡಿನಷ್ಟು ಒಳ್ಳೆಯ ಉಕ್ಕು ಇನ್ನೆಲ್ಲೂ ಸಿಗುವುದಿಲ್ಲವೆಂದು ಬಲ್ಲ ತೋಟದ ಆಳುಗಳು ಅವನ್ನು ಕುಲುಮೆಗೆ ಒಯ್ದು ಕತ್ತಿ ಮಾಡಿಸಿಕೊಂಡಿರುವುದು ಗೊತ್ತಾಯಿತು. ಜೀಪಿನ ಹಿಂದಿನ ಎಡ ಸೆಟ್ಟಿನ ಬಹುಭಾಗ ಸದ್ಯ ಪಕ್ಕದ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಕಡಿಯುತ್ತಾ ಮರಗಸಿ ಮಾಡುತ್ತಿದೆ.

ಭಾವನವರು ನನ್ನನ್ನು ಕರೆದುಕೊಂಡು ಮತ್ತೆ ಹಾಸನಕ್ಕೆ ಹೋದರು. ಸಾಹೇಬರು ಜೀಪನ್ನು ಒಂದು ಸುತ್ತು ಬಂದು, ಗಡ್ಡ ನೀವಿಕೊಂಡು, "ಖರ್ಚಿಲ್ಲದೆ ಎರಡು ಇಂಚು ಇಳಿಸಬಹುದಾಗಿತ್ತು ಸಾರ್. ಆ ಬ್ಲಾಕ್‌ಗಳನ್ನು ಮಾರಿಬಿಟ್ಟಿರಾ?" ಎಂದು ಕೇಳಿದರು.