ಸ್ನಾತಕೋತ್ತರರಿಗೆ ಮಳೆ ತಾಗುವುದಿಲ್ಲ

ರೂಮಿನ ಫ್ಯಾನಿನ ಕೆಳಗೆ ಮೂರು ಜೊತೆ ಸಾಕ್ಸ್ ನೇತಾಡ್ತಾ ಉಂಟು. ಮೊನ್ನೆಯದ್ದು, ನಿನ್ನೆಯದ್ದು, ಇವತ್ತಿನದ್ದು. ಮೊನ್ನೆಯದ್ದು ಒಣಗಿದೆ ಅಂತ ಮುಟ್ಟಿ ನೋಡಿದ್ರೆ ಅದು ಒಣಗಿದ್ದಲ್ಲ, ಸ್ವಲ್ಪ ತಣ್ಣಗಾದದ್ದು. ವಾಸನೆ ಬಗ್ಗೆ ನಾನು ಏನೂ ಹೇಳುದಿಲ್ಲ, ಕರಾವಳಿಯಲ್ಲಿ ಜುಲೈ ತಿಂಗಳು ಕಳೆದವರಿಗೆ ಹೇಳುವ ಅಗತ್ಯ ಇಲ್ಲ.

ನಿನ್ನೆ ರಾತ್ರಿ ಆದೇಶ ಬಂತು. ಮರುದಿನ ರೆಡ್ ಅಲರ್ಟ್ ಇರುವ ಕಾರಣ ಜಿಲ್ಲೆಯ ಎಲ್ಲಾ ಅಂಗನವಾಡಿ, ಪ್ರಾಥಮಿಕ, ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳಿಗೆ ರಜೆ. ಅಷ್ಟೇ. ಅದರ ಕೆಳಗೆ ಡಿಸಿ ಸೈನ್. ಪಿಯುಸಿ ತನಕ ಓದುವವರಿಗೆ ಮಳೆ, ಅದರ ಮೇಲೆ ಓದುವವರಿಗೆ ಬಿಸಿಲು. ಡಿಗ್ರಿಯವರ ಹೆಸರು ಎಲ್ಲೋ ಅಪರೂಪಕ್ಕೆ ಒಮ್ಮೆ ಸೇರಿಸ್ತಾರೆ. ನಾವು ಸ್ನಾತಕೋತ್ತರದವರು ಅಂತ ಒಂದು ಜಾತಿ ಭೂಮಿ ಮೇಲೆ ಉಂಟು ಅಂತ ಯಾರಿಗೂ ನೆನಪೇ ಇರುದಿಲ್ಲ. ಆಮೇಲೆ ಯೋಚನೆ ಮಾಡಿದೆ, ತಪ್ಪು ಅವರದ್ದಲ್ಲ, ಹೆಸರಲ್ಲೇ ಉಂಟಲ್ಲ. ಸ್ನಾತಕ ಅಂದ್ರೆ ಸ್ನಾನ ಮಾಡಿ ಆದವ. ಸ್ನಾತಕೋತ್ತರ ಅಂದ್ರೆ ಸ್ನಾನದ ನಂತರವೂ ಉಳಿದವ. ಮೊದಲೇ ಒದ್ದೆ ಆದವನಿಗೆ ಇನ್ನೆಂತ ರೆಡ್ ಅಲರ್ಟ್ ಮಾರಾಯ್ರೆ.

ನಾನು ಡಿಗ್ರಿ ಸೇರಿದ್ದು 2021ರಲ್ಲಿ. ಎನ್‌ಇಪಿ, ಅಂದ್ರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಇನ್ನು ನಾಲ್ಕು ವರ್ಷದ ಡಿಗ್ರಿ ಅಂದ್ರು, 2024ರಲ್ಲಿ ಪುನಃ ಮೂರೇ ವರ್ಷ ಅಂತ ಸರಕಾರ ಆದೇಶ ಹೊರಡಿಸ್ತು. ಅಷ್ಟು ದೊಡ್ಡ ವ್ಯವಸ್ಥೆಯನ್ನೇ ಒಂದು ಆದೇಶದಲ್ಲಿ ತಿರುಗಿಸಿ ಹಾಕ್ಲಿಕ್ಕೆ ಆಗ್ತದೆ, ‘ಪದವಿಪೂರ್ವ’ ಎಂಬ ಶಬ್ದದಿಂದ ಆ ‘ಪೂರ್ವ’ವನ್ನು ತೆಗೀಲಿಕ್ಕೆ ಮಾತ್ರ ಆಗುದಿಲ್ಲ. ಒಂದು ದಿನಕ್ಕಾದ್ರೂ.

ಆದೇಶ ಬಂದದ್ದನ್ನು ನನಗೆ ಹೇಳಿದ್ದು ರಾಯಚೂರು. ಊರಲ್ಲ, ನನ್ನ ರೂಮ್‌ಮೇಟ್. ಹಾಸ್ಟೆಲಲ್ಲಿ ಎಲ್ಲರೂ ಅವನನ್ನು ಕರೆಯುದೇ ಹಾಗೆ. ಕಳೆದ ವರ್ಷ ಇಲ್ಲಿಗೆ ಬಂದ ಮೊದಲ ವಾರ ಕಿಟಕಿ ಹತ್ರ ನಿಂತು ಹೊರಗೆ ನೋಡಿ, “ಇದು ಯಾವಾಗ ನಿಂದ್ರತದಲೇ?” ಅಂತ ಕೇಳಿದ. ಸಪ್ಟೆಂಬರಲ್ಲಿ ಅಂದೆ. ಅವನು ನಗಾಡಿದ. ನಾನು ನಗಾಡ್ಲಿಲ್ಲ. ಅವರ ಕಡೆ ವರ್ಷಕ್ಕೆ ಬೀಳುವ ಮಳೆ ನಮ್ಮಲ್ಲಿ ಎರಡು ವಾರದಲ್ಲಿ ಬಿದ್ದು ಚರಂಡಿ ಸೇರಿರ್ತದೆ. ಈಗ ಅವನು ಹವಾಮಾನ ಇಲಾಖೆಯವರಿಗಿಂತ ಹುಷಾರು. ಇಪ್ಪತ್ತನಾಲ್ಕು ಗಂಟೆಯಲ್ಲಿ 115.6 ಮಿಲಿಮೀಟರಿಂದ ಆರೆಂಜ್, 204.4 ದಾಟಿದ್ರೆ ರೆಡ್ ಅಂತ ಮಲಗಿದಲ್ಲಿಂದಲೇ ಹೇಳ್ತಾನೆ. ಸೆಮಿಸ್ಟರಿನ ಒಂದು ಫಾರ್ಮುಲಾ ಅವನಿಗೆ ನೆನಪಿಲ್ಲ, ಇದು ಪಾಯಿಂಟ್ ಸಮೇತ ಬಾಯಿಪಾಠ.

ರಾತ್ರಿ ಎಂಟೂವರೆ ಆದ ಕೂಡ್ಲೇ ಅವನಿಗೆ ಶುರುವಾಗ್ತದೆ. “ಸೂಟಿ ಅದ ಏನಲೇ?” ನಮಗೆ ರಜೆ, ಅವನಿಗೆ ಸೂಟಿ. ಐದು ನಿಮಿಷಕ್ಕೊಮ್ಮೆ ಫೋನ್ ನೋಡುದು, ನಾಲ್ಕು ಗ್ರೂಪಲ್ಲಿ ಹುಡುಕುದು, ಉಡುಪಿಯಲ್ಲಿ ಕೊಟ್ಟಿದ್ದಾರೆ ಇಲ್ಲಿ ಕೊಟ್ಟಿಲ್ಲ ಅಂತ ಹೊಟ್ಟೆ ಉರ್ಕೊಳ್ಳುದು. ಹೆಜಮಾಡಿಯಿಂದ ಆಚೆ ಉಡುಪಿ ಜಿಲ್ಲೆ, ಈಚೆ ಮೂಲ್ಕಿ ನಮ್ಮದು, ನಡುವೆ ಒಂದು ಹೊಳೆ, ಮಳೆ ಆ ಹೊಳೆ ದಾಟುವಾಗ ಐಡಿ ಕಾರ್ಡ್ ತೋರಿಸ್ತದಾ ಅಂತ ಅವನ ಪ್ರಶ್ನೆ. ಕಳೆದ ತಿಂಗಳು ಯಾರೋ ಹಳೇ ಆದೇಶದ ತಾರೀಕು ತಿದ್ದಿ ಕಳಿಸಿದ್ದನ್ನು ಇವನು ನಂಬಿ ಇಡೀ ಹಾಸ್ಟೆಲಿಗೆ ಫಾರ್ವರ್ಡ್ ಮಾಡಿದ. ಹನ್ನೊಂದು ಜನ ಮರುದಿನ ಹತ್ತು ಗಂಟೆ ತನಕ ಮಲಗಿದ್ರು. ಅದು ಅಂಗನವಾಡಿಯ ರಜೆ ಆದೇಶ ಅಂತ ಗೊತ್ತಾದದ್ದು ಆಮೇಲೆ, ಅದೂ ಹೋದ ವರ್ಷದ್ದು.

ಇವತ್ತು ಬೆಳಿಗ್ಗೆ ಹೋದೆವು. ಹೋಗದೆ ಉಪಾಯ ಇಲ್ಲ, ಹಾಜರಿ 75 ಪರ್ಸೆಂಟ್ ಆಗದಿದ್ರೆ ಹಾಲ್ ಟಿಕೆಟಿಗೆ ಕಣ್ಣೀರು ಹಾಕ್ಬೇಕಾಗ್ತದೆ. (ಯಾವ ಯುನಿವರ್ಸಿಟಿ ಅಂತ ಕೇಳ್ಬೇಡಿ. ಸರಕಾರಿಯದ್ದು, ನನಗೆ ಇನ್ನೂ ಎರಡು ಸೆಮಿಸ್ಟರ್ ಬಾಕಿ ಉಂಟು.) ಕ್ಲಾಸಲ್ಲಿ ನಾನು, ರಾಯಚೂರು, ಮತ್ತೆ ಸೀಲಿಂಗಿಂದ ನೀರು ಬೀಳುವಲ್ಲಿ ಇಟ್ಟ ಒಂದು ಬಕೆಟ್. ಬಸ್ಸಲ್ಲಿ ಬರುವವರು ಯಾರೂ ಇಲ್ಲ, ದಾರಿಯಲ್ಲಿ ಮರ ಬಿದ್ದಿದೆಯಂತೆ. ಸರ್ ಪ್ಯಾಂಟ್ ಮೊಣಕಾಲ ತನಕ ಮಡಚಿಕೊಂಡೇ ಬಂದ್ರು, ನಮ್ಮನ್ನು ನೋಡಿದ್ರು, ಬಕೆಟನ್ನು ನೋಡಿದ್ರು, “ಇಬ್ಬರಿಗೆ ಪಾಠ ಮಾಡಿದ್ರೆ ಉಳಿದವರಿಗೆ ಅನ್ಯಾಯ ಆಗ್ತದೆ” ಅಂತ ಹೇಳಿ ಹಾಜರಿ ಹಾಕಿ ಹೋದ್ರು. ರಾಯಚೂರು ರೂಮಿಗೆ ಹೋಗಿ ಮಲಗಿದ. ನಾನು ಒಳ್ಳೆ ಹುಡುಗ ಅಲ್ವಾ, ಲೈಬ್ರರಿಗೆ ಹೋದೆ. ಅದೇ ತಪ್ಪಾದದ್ದು.

ನಮ್ಮ ಲೈಬ್ರರಿಯ ಬಾಗಿಲಲ್ಲಿ ಒಂದು ನೀಲಿ ಡ್ರಮ್ ಉಂಟು. ಕೊಡೆ ಅದರೊಳಗೆ ಇಟ್ಟು ಹೋಗ್ಬೇಕು. ಎರಡು ಗಂಟೆ ಓದಿ ಹೊರಗೆ ಬಂದ್ರೆ ಡ್ರಮ್ಮಲ್ಲಿ ಕೊಡೆಗಳು ಉಂಟು, ಎಲ್ಲ ಕಪ್ಪು, ಎಲ್ಲ ಮೂರು ಮಡಿಕೆಯದ್ದು. ನಾನು ಹೆದರ್ಲಿಲ್ಲ. ನನ್ನ ಕೊಡೆಯ ಹಿಡಿಗೆ ಅಮ್ಮ ಗುರ್ತಕ್ಕೆ ಅಂತ ಕೆಂಪು ನೂಲು ಕಟ್ಟಿದ್ದಾರೆ. ಬಗ್ಗಿ ನೋಡಿದೆ. ಕೆಂಪು ನೂಲು ಕಟ್ಟಿದ ಕೊಡೆ ನಾಲ್ಕು ಇತ್ತು. ಈ ಜಿಲ್ಲೆಯ ಅಮ್ಮಂದಿರೆಲ್ಲ ಒಂದೇ ಸಿಲೆಬಸ್ ಓದಿದವರು.

ವಾಚ್‌ಮನ್ ಅಣ್ಣ ಕುರ್ಚಿಯಿಂದ ಏಳದೆ ಕೇಳಿದ್ರು, “ಎಂತ ಹುಡುಕುದು?”

“ಕೊಡೆ ಅಣ್ಣ. ಕಪ್ಪು. ಕೆಂಪು ನೂಲು.”

“ಉಂಟಲ್ಲ ನಾಲ್ಕು. ಒಂದು ತಗೊಳ್ಳಿ.”

ಹಾಗೆ ತಗೊಳ್ಳಿಕ್ಕೆ ಆಗ್ತದಾ? ಒಂದೊಂದೇ ಬಿಡಿಸಿ ನೋಡಿದೆ. ಒಂದರ ಕಡ್ಡಿ ತುಂಡಾಗಿತ್ತು, ನನ್ನದ್ದಲ್ಲ. ಇನ್ನೊಂದರ ಒಳಗೆ ಯಾವುದೋ ಜುವೆಲ್ಲರಿಯ ಹೆಸರು, ನನ್ನದ್ದಲ್ಲ. ಮೂರನೆಯದ್ದು ನನ್ನದ್ದೇ ಇರ್ಬೇಕು ಅನ್ನಿಸುವಾಗ ಹಿಂದಿನಿಂದ ಒಬ್ಬಳು “ಎಕ್ಸ್‌ಕ್ಯೂಸ್ ಮಿ” ಅಂತ ಹೇಳಿ ಕೈಯಿಂದಲೇ ತೆಗೊಂಡು ಹೋದಳು. ನಾಲ್ಕನೆಯದ್ದು ಬಿಡಿಸುವ ಮೊದಲೇ ಅದರ ಯಜಮಾನ ಬಂದ, ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹೀಗೆ ಒಬ್ಬೊಬ್ಬರೇ ಬಂದು ಒಂದೊಂದೇ ತೆಗೊಂಡು ಹೋಗಿ, ಕೊನೆಗೆ ಡ್ರಮ್ಮಲ್ಲಿ ಉಳಿದದ್ದು ಬಟ್ಟೆ ಇಲ್ಲದ, ಬರೀ ಕಡ್ಡಿಯ ಒಂದು ಅಸ್ಥಿಪಂಜರ.

ಇಲ್ಲಿ ಒಂದು ವಿಷಯ ಹೇಳ್ಬೇಕು, ಹೇಳದೆ ಇದ್ರೆ ರಾತ್ರಿ ನಿದ್ದೆ ಬರುದಿಲ್ಲ. ನಾನು ಇಷ್ಟು ಹೊತ್ತು ‘ನನ್ನ ಕೊಡೆ’ ಅಂತ ಹೇಳಿದೆ ಅಲ್ವಾ, ಅದು ಕಳೆದ ಜುಲೈಯಲ್ಲಿ ಇದೇ ಡ್ರಮ್ಮಿಂದ ತಂದದ್ದು. ಅವತ್ತೂ ನನ್ನದ್ದು ಕಾಣೆಯಾಗಿತ್ತು, ಜೋರು ಮಳೆ, ಕೈಗೆ ಸಿಕ್ಕಿದ್ದನ್ನು ತಂದೆ. ಚೌತಿಗೆ ಮನೆಗೆ ಹೋದಾಗ ಅಮ್ಮ “ಹೊಸತಾ?” ಅಂತ ಕೇಳಿದ್ರು, ನಾನು ಹೂಂ ಅಂದೆ, ಅವರು ಪಾಪ ಖುಷಿಯಲ್ಲಿ ನೂಲು ಕಟ್ಟಿದ್ರು. ನಮ್ಮ ಯುನಿವರ್ಸಿಟಿಯಲ್ಲಿ ಕೊಡೆ ಯಾರೂ ಕದಿಯುದಿಲ್ಲ. ವರ್ಗಾವಣೆ ಆಗ್ತದೆ, ಅಷ್ಟೇ.

ಹೊರಗೆ ಆಕಾಶ ಹರಿದು ಬಿದ್ದ ಹಾಗೆ ಮಳೆ. ಹಾಸ್ಟೆಲಿಗೆ ಮುಕ್ಕಾಲು ಕಿಲೋಮೀಟರ್. ರಾಯಚೂರಿಗೆ ಫೋನ್ ಮಾಡಿದೆ, ಸ್ವಿಚ್ಡ್ ಆಫ್. ಸೂಟಿ ಸಿಗದ ಸಿಟ್ಟಿಗೆ ಅವನೇ ಸೂಟಿ ತಗೊಂಡಿದ್ದ. ಪಕ್ಕದ ಡಿಪಾರ್ಟ್‌ಮೆಂಟಿನ ವರಾಂಡಕ್ಕೆ ಓಡಿದೆ. ಅಲ್ಲಿ ಶನಿವಾರ ‘ಆಟಿಡೊಂಜಿ ದಿನ’ ಅಂತ ತುಳುವರ ಆಟಿ ತಿಂಗಳಿನ ಕಾರ್ಯಕ್ರಮ ಮಾಡಿದ್ರು, ಪತ್ರೊಡೆ ಎಲ್ಲ ಅವತ್ತೇ ಖಾಲಿ, ಪ್ರದರ್ಶನಕ್ಕಿಟ್ಟ ಸಾಮಾನು ಮಾತ್ರ ಇನ್ನೂ ಮೂಲೆಯಲ್ಲಿ ಇತ್ತು. ನೊಗ, ಚೆನ್ನೆಮಣೆ, ಮುಟ್ಟಾಳೆ, ಮತ್ತೆ ಒಂದು ಗೊರಬೆ.

ಅಟೆಂಡರ್ ಅಕ್ಕ ನನ್ನನ್ನು ನೋಡಿದ್ರು, ಗೊರಬೆಯನ್ನು ನೋಡಿದ್ರು. “ತಗೊಂಡು ಹೋಗಿ, ನಾಳೆ ತಂದು ಕೊಡ್ಬೇಕು” ಅಂತ ಒಂದು ರಿಜಿಸ್ಟರ್ ಮುಂದೆ ಇಟ್ರು. ವಸ್ತು: ಗೊರಬೆ-1. ಉದ್ದೇಶ ಅಂತ ಒಂದು ಕಾಲಮ್ ಇತ್ತು. ‘ಮಳೆ’ ಅಂತ ಬರೆದೆ. ಆ ಪುಸ್ತಕದಲ್ಲಿ ಅದರ ಮೊದಲು ಎಲ್ಲರೂ ‘ವಿಚಾರ ಸಂಕಿರಣ’, ‘ವಸ್ತುಪ್ರದರ್ಶನ’ ಅಂತ ಬರೆದಿದ್ರು. ಗೊರಬೆಯನ್ನು ಮಳೆಗೆ ಅಂತ ತೆಗೊಂಡ ಮೊದಲ ವಿದ್ಯಾರ್ಥಿ ನಾನೇ.

ಗೊರಬೆ ಗೊತ್ತಿಲ್ಲದವರಿಗೆ: ಬಿದಿರಿನ ಸೀಳು, ಎಲೆ ಸೇರಿಸಿ ಹೆಣೆದ ಅರ್ಧ ಚಿಪ್ಪಿನ ಹಾಗಿರುವ ಸಾಧನ. ತಲೆ ಮೇಲೆ ಹಾಕಿದ್ರೆ ಬೆನ್ನು ಪೂರ್ತಿ ಮುಚ್ತದೆ, ಎರಡೂ ಕೈ ಖಾಲಿ. ಆದ್ರೆ ಅದನ್ನು ಮಾಡಿದ್ದು ಬಗ್ಗಿ ನೇಜಿ ನೆಡುವವರಿಗೆ. ನೆಟ್ಟಗೆ ನಡೆದ್ರೆ ಎದುರಿಂದ ಮುಖಕ್ಕೆ, ಎದೆಗೆ ಎಲ್ಲ ಮಳೆ ಹೊಡೀತದೆ. ಬಗ್ಗಿದ್ರೆ ಮಾತ್ರ ರಕ್ಷಣೆ. ಹಾಗಾಗಿ ನಾನು ಎಂ.ಎಸ್ಸಿ. ಎರಡನೇ ವರ್ಷದವ, ಬ್ಯಾಗನ್ನು ಹೊಟ್ಟೆಗೆ ಅಪ್ಪಿಕೊಂಡು, ಟಾರು ರೋಡಲ್ಲಿ ಮುಕ್ಕಾಲು ಕಿಲೋಮೀಟರ್ ಗದ್ದೆಯಲ್ಲಿ ಇರುವ ಹಾಗೆ ಬಗ್ಗಿ ನಡೆದೆ. ಕ್ಯಾಂಟೀನಿನ ಎದುರು ಗೋಳಿಬಜೆ ತಿಂತಾ ನಿಂತವರು ಮೊದಲು ಸುಮ್ಮನಾದ್ರು, ಆಮೇಲೆ ಹತ್ತು ಮೊಬೈಲ್ ಒಟ್ಟಿಗೆ ಮೇಲೆ ಬಂತು. ಹಿಂದಿನಿಂದ ಒಂದು ಕಾರು ನಿಧಾನ ಆಯ್ತು. ಬೆಳಿಗ್ಗೆ ಹಾಜರಿ ಹಾಕಿ ಹೋದ ಸರ್. ಗ್ಲಾಸ್ ಒಂದಿಂಚು ಕೆಳಗೆ ಇಳಿಸಿ, “ಪ್ರೋಗ್ರಾಮ್ ಶನಿವಾರವೇ ಮುಗೀತಲ್ಲಪ್ಪ?” ಅಂತ ಕೇಳಿ, ಗ್ಲಾಸ್ ಏರಿಸಿ ಹೋದ್ರು. ಕಾರಿಗೆ ಹತ್ತು ಅಂತ ಕರೀಲಿಲ್ಲ.

ಗೊರಬೆಯ ಒಳಗೆ ಒಂದು ವಾಸನೆ ಇತ್ತು, ಒಣಗಿದ ಎಲೆ, ಹೊಗೆ. ನಮ್ಮ ಅಜ್ಜಿಯ ಮನೆಯ ಅಟ್ಟದ ವಾಸನೆ. ಅಜ್ಜಿ ಹೀಗೇ ಬಗ್ಗಿ ಗದ್ದೆಯಲ್ಲಿ ನೇಜಿ ನೆಡ್ತಿದ್ರು, ದೂರದಿಂದ ನೋಡಿದ್ರೆ ಆಮೆಗಳು ಸಾಲಲ್ಲಿ ಹೋದ ಹಾಗೆ ಕಾಣ್ತಿತ್ತು. ಅವರಿಗೆ ಆರೆಂಜೂ ಇಲ್ಲ, ರೆಡ್ಡೂ ಇಲ್ಲ. ಮಳೆ ಜೋರಾದ್ರೆ ಅದು ಕೆಲಸದ ದಿನ. ಆದ್ರೆ ತೋಡಲ್ಲಿ ನೀರು ಏರಿದ ದಿನ ನನ್ನನ್ನು ಮಾತ್ರ ಅಡಿಕೆ ಮರದ ಸಂಕ ದಾಟಿ ಶಾಲೆಗೆ ಹೋಗ್ಲಿಕ್ಕೆ ಬಿಡ್ತಿರ್ಲಿಲ್ಲ, ಆದೇಶ ಬರುವ ಮೊದಲೇ ರಜೆ, ಹಲಸಿನ ಬೀಜ ಸುಟ್ಟು ಕೊಡ್ತಿದ್ರು. ಆ ಸಣ್ಣ ಮಕ್ಕಳಿಗೆ ರಜೆ ಕೊಡುದು ಸರಿಯೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಸಿಟ್ಟಿರುದು ಡ್ರಮ್ಮಿನ ಮೇಲೆ.

ಹಾಸ್ಟೆಲಿಗೆ ಬಂದೆ. ಬೆನ್ನು ಒಣ, ಮುಖ ಒದ್ದೆ, ಬ್ಯಾಗೊಳಗೆ ಜೆರಾಕ್ಸ್ ನೋಟ್ಸ್ ಅಂಟಿಕೊಂಡು ಒಂದೇ ಪುಟ ಆಗಿತ್ತು. ಗೊರಬೆ ರೂಮಿನ ಬಾಗಿಲಲ್ಲಿ ಹಿಡೀಲಿಲ್ಲ, ಅಡ್ಡ ಮಾಡಿ, ಓರೆ ಮಾಡಿ ಹೇಗೋ ಒಳಗೆ ತುರುಕಿದೆ. ಈಗ ಅದು ಎರಡು ಮಂಚದ ನಡುವೆ ಮಲಗಿದೆ, ಕೆಳಗೆ ನೀರಿನ ಹೊಳೆ, ಬಾತ್‌ರೂಮಿಗೆ ಹೋಗ್ಬೇಕಾದ್ರೆ ದಾಟಿ ಹೋಗ್ಬೇಕು.

ರಾಯಚೂರು ಈಗ ಎದ್ದ. ಅದನ್ನು ಎರಡು ನಿಮಿಷ ನೋಡಿದ, ಸುತ್ತ ತಡಕಿದ, ಬಟನ್ ಹುಡುಕಿದ ಅಂತ ಕಾಣ್ತದೆ.

“ಲೇ, ಈ ಛತ್ರಿ ಮಡಚೋದು ಹ್ಯಾಂಗಲೇ?”

ನಾನು ಉತ್ತರ ಕೊಡ್ಲಿಲ್ಲ. ಗಂಟೆ ಎಂಟೂವರೆ ಆಗಿತ್ತು, ಅವನೂ ಕಾಯ್ಲಿಲ್ಲ, ಫೋನ್ ತೆಗೆದ.