ಕೊನೆ ಭಾಗಕ್ಕೊಂದು ಪೆಡಲ್ ಬೋಟ್

ನಮ್ಮ ಕಡೆ ಈಗ ಕೆರೆಗೆ ನೀರು ಬರುವ ಮುಂಚೆ ದೋಣಿ ಬರುತ್ತದೆ. ಹಿಂದಿನವರು ಏರಿ ಕಟ್ಟಿ, ತೂಬು ಇಟ್ಟು, ಕೋಡಿ ಬಿಟ್ಟು, ಆಮೇಲೆ ಮುಗಿಲು ನೋಡುತ್ತಾ ಕೂರುತ್ತಿದ್ದರು. ಈಗಿನ ಕ್ರಮ ಬೇರೆ. ಮೊದಲು ಸ್ವಾಗತ ಕಮಾನು, ಆಮೇಲೆ ಟಿಕೆಟ್ ಕೌಂಟರ್, ಪಕ್ಕದಲ್ಲಿ ಕೆಂಪು ಹೃದಯದ ‘ಐ ಲವ್’ ಬೋರ್ಡು, ಕೊನೆಗೆ ಲಾರಿ ಮೇಲೆ ನಾಲ್ಕು ಫೈಬರ್ ಹಂಸ. ಉದ್ಘಾಟನೆಗೆ ಟ್ಯಾಂಕರ್‌ನಲ್ಲಿ ನೀರು ತರಿಸುವಷ್ಟು ಮಾತ್ರ ನಾವಿನ್ನೂ ಮುಂದುವರಿದಿಲ್ಲ. ಅದೂ ಆಗುತ್ತೆ ಬಿಡಿ.

ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೊರಟರೆ ಇಂಥದ್ದೊಂದು ಕೆರೆ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಹೆಸರು ಬೇಡ, ನಿಮ್ಮೂರಿನದೇ ಅಂದ್ಕೊಳ್ಳಿ. ಏಪ್ರಿಲ್‌ನಲ್ಲಿ ಹೋಗಿ ನೋಡಿ. ಹಂಸದ ಕುತ್ತಿಗೆ ಇನ್ನೂ ನೆಟ್ಟಗಿದೆ, ಕೊಕ್ಕಿನ ಬಣ್ಣ ಮಾತ್ರ ಸುಲಿದು ಹೋಗಿದೆ. ಪೆಡಲ್ ಸಂದಿಯಲ್ಲಿ ಹುಟ್ಟಿದ ಜಾಲಿ ಗಿಡ ಸೀಟಿನ ಎತ್ತರಕ್ಕೆ ಬಂದಿದೆ. ಹೊಟ್ಟೆಯ ನೆರಳಲ್ಲಿ ಎರಡು ಮೇಕೆ ಮೆಲುಕು ಹಾಕುತ್ತಿವೆ. ಅಷ್ಟು ದೂರದಲ್ಲಿ ‘ಆಳವಾದ ನೀರಿದೆ, ಈಜಬಾರದು’ ಅನ್ನುವ ಬೋರ್ಡು, ಅದರ ಕಂಬಕ್ಕೆ ಒಂದು ಎಮ್ಮೆ. ಕೌಂಟರ್‌ನ ಹುಡುಗ ಲೈಫ್ ಜಾಕೆಟ್ ತಲೆಗಿಟ್ಟುಕೊಂಡು ಮಲಗಿದ್ದಾನೆ. ಅವನನ್ನು ಬೈಯಬೇಡಿ. ಆ ಜಾಕೆಟ್ಟಿನಿಂದ ಇವತ್ತಿನವರೆಗೆ ಉಪಕಾರ ಆಗಿರುವುದು ಅವನೊಬ್ಬನಿಗೇ.

ಮಳೆಗಾಲದಲ್ಲಾದರೂ ಬೋಟಿಂಗ್ ಇರುತ್ತಾ ಅಂದರೆ, ಅದೂ ಇಲ್ಲ. ಕೆರೆ ತುಂಬಿದ ಕೂಡಲೇ ಗೇಟಿಗೆ ಇನ್ನೊಂದು ಬೋರ್ಡು ಬೀಳುತ್ತದೆ: ‘ನೀರು ಜಾಸ್ತಿ ಇರುವುದರಿಂದ ಬೋಟಿಂಗ್ ಬಂದ್’. ನೀರಿಲ್ಲದಾಗ ನೀರಿಲ್ಲ ಅಂತ ಬಂದ್, ಇದ್ದಾಗ ಇದೆ ಅಂತ ಬಂದ್. ಇವೆರಡರ ನಡುವೆ ಸರಿಯಾದ ಮಟ್ಟ ಅಂತ ಒಂದು ಬಂದು ಹೋಗುತ್ತದೆ. ಆ ವಾರ ಟೆಂಡರ್ ಮುಗಿದಿರುತ್ತದೆ.

ಹಾಗಾದರೆ ದೋಣಿಗೆ ನಿಜವಾಗಿ ಎಷ್ಟು ನೀರು ಬೇಕು? ತೇಲುವುದಕ್ಕೆ ಅಂದರೆ ತೀರಾ ಕಡಿಮೆ. ಹರಿಗೋಲಿಗೆ ಮೊಣಕಾಲುದ್ದ ಇದ್ದರೆ ಸಾಕು. ಪೆಡಲ್ ಬೋಟಿಗೆ ಒಂದೆರಡು ಅಡಿ. ಮೋಟಾರ್ ಬೋಟಿಗೆ ಇನ್ನಷ್ಟು ಬೇಕು. ಅದರ ಎಂಜಿನ್ ತಣ್ಣಗಿರುವುದು ಕೆರೆಯ ನೀರನ್ನೇ ಹೀರಿಕೊಂಡು. ತಳ ಹತ್ತಿರ ಇದ್ದರೆ ನೀರಿನ ಜೊತೆ ಹೂಳನ್ನೂ ಹೀರುತ್ತದೆ, ಅಂತರಗಂಗೆ ಇದ್ದರೆ ಪಂಖಕ್ಕೆ ಸುತ್ತಿಕೊಂಡು ಗಪ್ಪಂತ ನಿಲ್ಲುತ್ತದೆ. ಜೆಟ್ ಸ್ಕೀಗೆ ಅದರ ತಳದ ಕೆಳಗೇ ಸುಮಾರು 3 ಅಡಿ ನೀರಿರಬೇಕು ಅನ್ನುತ್ತಾರೆ ತಯಾರಿಸುವವರು.

ಆದರೆ ತೇಲುವುದು ಬೇರೆ, ಮಜಾ ಬರುವುದು ಬೇರೆ. ಹತ್ತಿದವನಿಗೆ ‘ಇನ್ನೊಂದು ರೌಂಡ್ ಹೋಗೋಣ’ ಅನ್ನಿಸಬೇಕಾದರೆ ಎಷ್ಟು ನೀರು ಬೇಕು? ಇದು ತಮಾಷೆಯ ಪ್ರಶ್ನೆ ಅಂದ್ಕೋಬೇಡಿ. ಅಮೆರಿಕದಲ್ಲಿ ಇದನ್ನು ಅಳೆಯುತ್ತಾರೆ. ಅಲ್ಲಿ ವಿದ್ಯುತ್ ಡ್ಯಾಂಗಳ ಪರವಾನಗಿ ನವೀಕರಿಸುವಾಗ ಮೀನು, ಕಾಡುಪ್ರಾಣಿ, ಜನರ ಮನರಂಜನೆ ಇವಕ್ಕೂ ಕರೆಂಟಿನಷ್ಟೇ ತೂಕ ಕೊಡಬೇಕು ಅಂತ 1986ರಲ್ಲಿ ಕಾನೂನು ಮಾಡಿದರು. ಅದಕ್ಕೇ ಹೊಳೆಗೆ ಒಂದು ದಿನ ಕಡಿಮೆ, ಇನ್ನೊಂದು ದಿನ ಜಾಸ್ತಿ ನೀರು ಬಿಟ್ಟು, ದೋಣಿಯವರನ್ನು ಇಳಿಸಿ, ದಡ ಹತ್ತಿದ ಕೂಡಲೇ ಕೈಗೊಂದು ಫಾರಂ ಕೊಡುತ್ತಾರೆ. ಎಷ್ಟು ಸಲ ತಳ ತಾಗಿತು? ಎಷ್ಟು ಸಲ ಸಿಕ್ಕಿಕೊಂಡಿರಿ? ಎಷ್ಟು ಸಲ ಇಳಿದು ಎಳೆದಿರಿ? ಇಷ್ಟೇ ನೀರಿದ್ದರೆ ಮತ್ತೆ ಬರ್ತೀರಾ? ಎಲ್ಲ ಕೂಡಿಸಿ ಒಂದು ಗೆರೆ ಎಳೆಯುತ್ತಾರೆ. ‘ಪರವಾಗಿಲ್ಲ’ ಇಷ್ಟು ಕ್ಯೂಸೆಕ್‌ಗೆ (ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ನೀರಿಗೆ), ‘ಸೂಪರ್’ ಇಷ್ಟು ಕ್ಯೂಸೆಕ್‌ಗೆ.

ವೆಸ್ಟ್ ವರ್ಜೀನಿಯಾದ ಗಾಲಿ ನದಿಯದ್ದು ಇನ್ನೂ ದೊಡ್ಡ ಕಥೆ. ಅಲ್ಲಿ ಸಮ್ಮರ್ಸ್‌ವಿಲ್ ಡ್ಯಾಂನಿಂದ ಶರತ್ಕಾಲದಲ್ಲಿ ಇಪ್ಪತ್ತು ದಿನಕ್ಕೂ ಹೆಚ್ಚು ರ‍್ಯಾಫ್ಟಿಂಗ್‌ಗೆ ಅಂತಲೇ ನೀರು ಬಿಡುತ್ತಾರೆ. ಎರಡೂವರೆ ಸಾವಿರ ಕ್ಯೂಸೆಕ್ ಆಸುಪಾಸು. ಚಳಿಗಾಲಕ್ಕೆ ಮುಂಚೆ ಆ ಡ್ಯಾಂ ಹೇಗೂ ಇಳಿಸಲೇಬೇಕು, ನೆರೆಗೆ ಜಾಗ ಬೇಕಲ್ಲ. ಅದನ್ನೇ ಒಂದು ಲೆಕ್ಕದಲ್ಲಿ ಇಳಿಸುತ್ತಾರೆ ಅಷ್ಟೆ. ಬುದ್ಧಿವಂತರು, ಒಪ್ಪೋಣ.

ಈಗ ನಮ್ಮ ಅಂಕಿ ಕೇಳಿ. ಭದ್ರಾ ಬಲದಂಡೆ ನಾಲೆಯ ಪೂರ್ತಿ ಶಕ್ತಿ 2,650 ಕ್ಯೂಸೆಕ್. ಅಂದರೆ ದಾವಣಗೆರೆ ಜಿಲ್ಲೆಯ ಭತ್ತ, ಅಡಿಕೆ, ತೆಂಗು, ಜೊತೆಗೆ ಕುಡಿಯುವ ನೀರು, ಎಲ್ಲಕ್ಕೂ ಹರಿಯುವ ನಾಲೆಯಷ್ಟು ನೀರು ಅಲ್ಲೊಬ್ಬನ ‘ಹೋ’ ಅನ್ನುವ ಕೂಗಿಗೆ! ಅಮೆರಿಕದವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ನನಗೆ ಹೊಟ್ಟೆಕಿಚ್ಚು ಆ ಫಾರಂ ಮೇಲೆ.

ನಮ್ಮ ನಾಲೆಯ ಕೊನೆ ಭಾಗದ ರೈತನಿಗೆ ಅಂಥ ಫಾರಂ ಯಾರಾದರೂ ಕೊಟ್ಟಿದ್ದಾರಾ? ಮಳೆಗಾಲ ಪೂರ್ತಿ ಅವನು ಬೆಳಿಗ್ಗೆ ಎದ್ದು ನೋಡುವುದು ಆ ನಾಲೆಗೆ ನೀರು ಕೊಡುವ ಲಕ್ಕವಳ್ಳಿಯ ಭದ್ರಾ ಡ್ಯಾಂ ಮಟ್ಟ. ಪೂರ್ತಿ ಮಟ್ಟ 186 ಅಡಿ ಮುಟ್ಟಿತೋ, ಊರಲ್ಲಿ ಪಟಾಕಿ. ಆಮೇಲೆ ನೀರಾವರಿ ಸಲಹಾ ಸಮಿತಿ ಸಭೆ. ಸಭೆಯಲ್ಲಿ ಶಿವಮೊಗ್ಗದವರು ಒಂದು ಕಡೆ, ದಾವಣಗೆರೆಯವರು ಇನ್ನೊಂದು ಕಡೆ. ಕೊನೆಗೆ ಹೊರಬೀಳುವುದು ‘ಆಫ್ ಅಂಡ್ ಆನ್’. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ನಾಲೆ ಉದ್ದಕ್ಕೂ ಪಂಪ್‌ಸೆಟ್‌ಗಳು ಸಾಲಾಗಿ ಬಾಯಿ ಹಾಕಿವೆ. ‘ಆನ್’ ಆದ ನೀರು ಮಲೇಬೆನ್ನೂರು ದಾಟಿ ಹರಿಹರದ ಕೊನೆ ಹಳ್ಳಿ ಮುಟ್ಟುವ ಹೊತ್ತಿಗೆ ಹಿಂದಿನಿಂದ ‘ಆಫ್’ ಬಂದಿರುತ್ತದೆ. ರಾತ್ರಿ ಒಂದಕ್ಕೆ ಟಾರ್ಚ್ ಹಿಡಿದು ನಾಲೆ ಏರಿ ಮೇಲೆ ಹೋದವನನ್ನು ಎಷ್ಟು ಸಲ ಬಂದಿರಿ ಅಂತ ಕೇಳಿದವರಿಲ್ಲ. ಗದ್ದೆಗೆ ಎಷ್ಟು ಸಲ ಬಿರುಕು ಬಿತ್ತು ಅಂತ ಗೆರೆ ಎಳೆದವರಿಲ್ಲ. ‘ಇಷ್ಟೇ ನೀರಿದ್ದರೆ ಮುಂದಿನ ವರ್ಷವೂ ಭತ್ತ ಹಾಕ್ತೀರಾ?’ ಅನ್ನುವ ಪ್ರಶ್ನೆ ಅಂತೂ ಬೇಡವೇ ಬೇಡ. ಅವನು ಹಾಕೇ ಹಾಕ್ತಾನೆ ಅಂತ ಎಲ್ಲರಿಗೂ ಗೊತ್ತು. ಆಸಕ್ತಿ ಕಮ್ಮಿಯಾಗುತ್ತೆ ಅನ್ನುವ ಭಯ ಇರುವುದು ಬೋಟಿನವನ ಬಗ್ಗೆ ಮಾತ್ರ.

ಚಿತ್ರದುರ್ಗದವರ ಪಾಡು ಇನ್ನೊಂದು ತರಹ. ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. 130 ಅಡಿಯ ಆ ಜಲಾಶಯ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೇ ಸಲ 2022ರಲ್ಲಿ. ನಡುವೆ 89 ವರ್ಷ. ‘ಡ್ಯಾಂ ತುಂಬಿದ ಮೇಲೆ ಬೋಟಿಂಗ್’ ಅಂತ ಅಂದು ಟಿಕೆಟ್ ಕೊಟ್ಟಿದ್ದರೆ ಅಜ್ಜ ಕೊಂಡ ಟಿಕೆಟ್‌ನಲ್ಲಿ ಮರಿಮಗ ಹತ್ತಬೇಕಿತ್ತು. ಭದ್ರೆಯ ನೀರು ಬರಲು ಶುರುವಾದ ಮೇಲೆ ಪರಿಸ್ಥಿತಿ ಸುಧಾರಿಸಿದೆ, 2025ರ ಜನವರಿಯಲ್ಲಿ ಮೂರನೇ ಸಲವೂ ಕೋಡಿ ಬಿತ್ತು. ಕೋಟೆ ಕಟ್ಟಿದವರಿಗಂತೂ ಪ್ರವಾಸೋದ್ಯಮದ ಗಂಧವೇ ಇರಲಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆ ಹೊಂಡ ಅಂತ ಒಂದರಿಂದೊಂದಕ್ಕೆ ಇಳಿಸಿದರು. ಒಂದಕ್ಕಾದರೂ ಹಂಸ ಬಿಟ್ಟರಾ? ಸುಮ್ನೆ ಕುಡಿದರು.

ಇಷ್ಟೆಲ್ಲ ಯೋಚಿಸಿ ನಾನೊಂದು ತೀರ್ಮಾನಕ್ಕೆ ಬಂದಿದ್ದೇನೆ. ಕೊನೆ ಭಾಗದ ರೈತರು ‘ರೈತರು’ ಅಂತ ಮನವಿ ಕೊಡುವುದನ್ನು ನಿಲ್ಲಿಸಬೇಕು. ದೋಣಿ ವಿಹಾರಿಗಳು ಅಂತ ಹೆಸರು ಬರೆಸಬೇಕು. ಪ್ರತಿ ಹೊಲಗಾಲುವೆಗೆ ಒಂದು ಪೆಡಲ್ ಬೋಟ್ ಇಳಿಸಬೇಕು. ಬೋಟ್ ತೇಲಬೇಕಾದರೆ ಎರಡಡಿ ನೀರು ಬೇಕೇ ಬೇಕು, ಅದೂ ಆಫ್ ಇಲ್ಲದೆ. ನಾಲೆಯ ಹೂಳು ತೆಗೆಯಬೇಕು, ಇಲ್ಲದಿದ್ದರೆ ಪ್ರವಾಸಿಗರ ಬೋಟ್ ತಳ ತಾಗುತ್ತದೆ. ಪಂಪ್‌ಸೆಟ್ ಪೈಪುಗಳನ್ನು ಕಿತ್ತು ಹಾಕಬೇಕು, ಸೆಲ್ಫಿಗೆ ಅಡ್ಡ ಬರುತ್ತವೆ. ವರ್ಷಗಟ್ಟಲೆ ಧರಣಿ ಕೂತರೂ ಆಗದ ಕೆಲಸ ಪ್ರವಾಸಿ ತಾಣ ಅಂದ ಕೂಡಲೇ ಆಗುತ್ತದೆ. ನೀರು ಬಿಡುವ ಸೌಡಿಗೇ ಸೀಟಿ ಕೊಟ್ಟು ಲೈಫ್‌ಗಾರ್ಡ್ ಮಾಡಿದರಾಯಿತು. ಇವರಿಗಾದರೂ ತಿಂಗಳಿಗೆ ಸರಿಯಾಗಿ ಸಂಬಳ ಬರಲಿ.

ಈ ಯೋಜನೆಯನ್ನು ಕೊನೆ ಹಳ್ಳಿಯ ಯಜಮಾನರೊಬ್ಬರ ಮುಂದೆ ಇಟ್ಟೆ. ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಮಿರ್ಚಿಯ ತೊಟ್ಟು ಬಿಸಾಕಿ, ಪೂರ್ತಿ ಕೇಳಿದರು.

“ಟಿಕೆಟ್ ರೇಟ್ ಎಷ್ಟು ಇಡೋಣ ಯಜಮಾನ್ರೇ?” ಅಂದೆ.

“ನೀರು ಬಂದ ದಿನ ಪುಕ್ಕಟೆ ಇಡ್ರಿ” ಅಂದರು. “ಬರದಿದ್ದ ದಿನ ಐನೂರು ರೂಪಾಯಿ. ಪರಿಶೀಲನೆ ಅಂತ ಸಾಹೇಬ್ರು ಬರ್ತಾರಲ್ಲ, ಅವರ ಜೀಪಿಗೂ ಸೇರಿಸಿ ಹರೀರಿ.”