ಉಪ್ಪು ತಿಂದ ಕಾರು

ಚಿಕ್ಕಬಳ್ಳಾಪುರದಲ್ಲಿ ಕಾರು ಇಟ್ಟುಕೊಂಡವನಿಗೆ ಕೊಳೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲವೆಂದೇ ನಾನು ನಂಬಿದ್ದೆ. ಬೇಸಿಗೆಯ ಕೆಮ್ಮಣ್ಣಿನ ಧೂಳು, ಕ್ರಷರ್ ಕಡೆಯಿಂದ ಬರುವ ಲಾರಿಗಳು ಉದುರಿಸುವ ಬಿಳಿಯ ಜಲ್ಲಿಪುಡಿ, ಮನೆಮುಂದಿನ ಹೊಂಗೆಮರದಲ್ಲಿ ಸಂಸಾರ ಹೂಡಿರುವ ಕಾಗೆಗಳ ಕಾಣಿಕೆ, ಇವೆಲ್ಲವನ್ನೂ 14 ವರ್ಷಗಳಿಂದ ಪ್ರತಿ ಭಾನುವಾರ ಬೆಳಗ್ಗೆ ಒಂದು ಬಕೆಟ್ ನೀರು, ಒಂದು ಚೊಂಬು ಮತ್ತು ಹೆಂಡತಿಯ ಹಳೆಯ ನೂಲಿನ ಸೀರೆಯ ತುಂಡಿನಿಂದ ನಿವಾರಿಸಿಕೊಂಡು ಬಂದವನು ನಾನು. ಬಕೆಟ್ ಒಂದೇ, ಏಕೆಂದರೆ ನಮ್ಮದು ಸಾವಿರ ಅಡಿ ಕೊರೆಸಿದರೂ ಕೊಳವೆಬಾವಿಯಿಂದ ನೀರಿನ ಬದಲು ಧೂಳೇ ಏಳಬಹುದಾದ ಸೀಮೆ. ಎರಡನೆಯ ಬಕೆಟ್ ಕೇಳಿದರೆ ಮನೆಯೊಳಗಿನಿಂದ ಬರುವ ಉತ್ತರ ಕಾರಿಗಿಂತ ಮೊದಲು ನನ್ನನ್ನೇ ತೊಳೆದುಬಿಡುತ್ತಿತ್ತು.

ಚಳಿಯ ಬಗ್ಗೆಯೂ ನನಗೆ ಸ್ವಲ್ಪ ಜಂಬವಿತ್ತು. 1478 ಮೀಟರ್ ಎತ್ತರದ ನಂದಿಬೆಟ್ಟವನ್ನು ಪಕ್ಕದಲ್ಲಿಟ್ಟುಕೊಂಡವರು ನಾವು. ಧನುರ್ಮಾಸದ ಮಂಜಿನಲ್ಲಿ ಹೆದ್ದಾರಿಯ ಲಾರಿಗಳು ಎಂಟು ಗಂಟೆಯಾದರೂ ದೀಪ ಹಾಕಿಕೊಂಡೇ ತೆವಳುತ್ತವೆ. ಆದುದರಿಂದ ಮಗ ಅಮೆರಿಕದ ಮಿನಿಯಾಪೊಲಿಸ್‌ಗೆ ಡಿಸೆಂಬರಿನಲ್ಲಿ ಕರೆಸಿಕೊಂಡಾಗ, "ಚಳಿ ನಮಗೇನು ಹೊಸದೇನಪ್ಪ?" ಎಂದು ಫೋನಿನಲ್ಲಿಯೇ ಹೇಳಿ, ಒಂದು ಮಂಕಿ ಟೋಪಿ ಹೆಚ್ಚಿಗೆ ಇಟ್ಟುಕೊಂಡು ಹೊರಟೆ.

ಅಲ್ಲಿ ಇಳಿದ ಮರುದಿನ ನನ್ನ ಕಣ್ಣಿಗೆ ಬಿದ್ದದ್ದು ಹಿಮವಲ್ಲ, ಮಗನ ಕಾರು. ಕಪ್ಪು ಬಣ್ಣದ್ದೆಂದು ಫೋಟೋದಲ್ಲಿ ನೋಡಿದ್ದ ಆ ಕಾರು ಬಾಗಿಲ ಹಿಡಿಯವರೆಗೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಹಿಮವಿರಬೇಕೆಂದು ಬೆರಳಿನಿಂದ ಒರೆಸಿದೆ, ಕರಗಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಿದೆ. ಉಪ್ಪು! ಸೊಸೆ ಕಿಟಕಿಯಿಂದ ನೋಡುತ್ತಿದ್ದಳೆಂಬುದು ಆಮೇಲೆ ತಿಳಿಯಿತು.

ರಸ್ತೆಯ ಮೇಲಿನ ಹಿಮ ಕರಗಲೆಂದು ಆ ಊರಿನಲ್ಲಿ ಲಾರಿಗಟ್ಟಲೆ ಉಪ್ಪು ಸುರಿಯುತ್ತಾರೆ. ಕೆಲವೊಮ್ಮೆ ಹಿಮ ಬೀಳುವ ಮೊದಲೇ ಉಪ್ಪುನೀರನ್ನು ರಸ್ತೆಗೆ ಸಿಂಪಡಿಸಿಡುತ್ತಾರೆ. ಪ್ರೌಢಶಾಲೆಯಲ್ಲಿ 30 ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದ ನಾನು, ಉಪ್ಪು ಬೆರೆತರೆ ನೀರಿನ ಘನೀಕರಣ ಬಿಂದು ಇಳಿಯುತ್ತದೆಂಬುದನ್ನು ಕುಲ್ಫಿ ಮಾರುವವನ ಮಡಕೆಯಲ್ಲಿನ ಐಸು ಮತ್ತು ಉಪ್ಪಿನ ಉದಾಹರಣೆ ಕೊಟ್ಟು ಎಷ್ಟು ಮಕ್ಕಳಿಗೆ ಉರು ಹೊಡೆಸಿದ್ದೆನೋ ಲೆಕ್ಕವಿಲ್ಲ. ಆದರೆ ಉಪ್ಪಿನ ಜೊತೆ ಕಬ್ಬಿಣವಿದ್ದರೆ ತುಕ್ಕು ಬೇಗ ಹಿಡಿಯುತ್ತದೆಂಬ, ಅದೇ ಪುಸ್ತಕದ ಇನ್ನೊಂದು ಪಾಠ ಕಣ್ಣೆದುರಿಗೆ ಕಾರಿನ ರೂಪದಲ್ಲಿ ನಿಂತಾಗ ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ಮಗನೋ, ವಾರಗಳಿಂದ ಅದನ್ನು ತೊಳೆದಂತಿರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ನಮ್ಮ ಹಿರಿಯರು ಹೇಳಿರುವುದು ಕಾರಿಗೂ ಅನ್ವಯಿಸುತ್ತದೆಂದು ನಾನು ಅಂದೇ ರಾತ್ರಿ ತೀರ್ಮಾನಿಸಿದೆ.

ಭಾನುವಾರ ಬಂತು. ಐದು ಗಂಟೆಗೆ ಎಚ್ಚರವಾಯಿತು. ಮನೆಯವರೆಲ್ಲ ಮಲಗಿದ್ದಾಗ ಬಚ್ಚಲಿನಿಂದ ಒಂದು ಬಕೆಟ್ ಬಿಸಿನೀರು ಹಿಡಿದು, ಎರಡು ಸ್ವೆಟರಿನ ಮೇಲೆ ಮಗನ ಕೋಟು ಏರಿಸಿ, ಟವೆಲ್ಲೊಂದನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಹೊರಗೆ ಸೊನ್ನೆಗಿಂತ 14 ಡಿಗ್ರಿ ಕೆಳಗಿತ್ತು. ತಣ್ಣಗಿರುವ ಗಾಜಿಗೆ ಬಿಸಿನೀರು ಸುರಿದರೆ ಸೀಳುತ್ತದೆಂಬಷ್ಟು ವಿಜ್ಞಾನ ಜ್ಞಾಪಕವಿದ್ದುದರಿಂದ ಗಾಜಿನ ತಂಟೆಗೆ ಹೋಗದೆ, ನಾಲ್ಕು ಬಾಗಿಲುಗಳಿಗೂ ಚೊಂಬಿನಿಂದ ನೀರು ಹುಯ್ದೆ. (ಚೊಂಬನ್ನು ನನ್ನ ಹೆಂಡತಿ ಚಿಕ್ಕಬಳ್ಳಾಪುರದಿಂದಲೇ ತಂದಿದ್ದಳು, ಆ ದೇಶದಲ್ಲಿ ಏನೆಲ್ಲ ಸಿಗುವುದಿಲ್ಲವೋ ಎಂಬ ಅವಳ ದೂರದೃಷ್ಟಿಯನ್ನು ಆ ಗಳಿಗೆಯಲ್ಲಿ ಮೆಚ್ಚಿಕೊಂಡೆ.) ನೀರು ಬಿದ್ದಲ್ಲೆಲ್ಲ ಕಪ್ಪು ಬಣ್ಣ ಫಳಫಳ ಹೊಳೆಯಿತು. ಎಷ್ಟು ಸುಲಭದ ಕೆಲಸಕ್ಕೆ ಈ ಹುಡುಗರು ಸೋಮಾರಿತನ ಮಾಡುತ್ತಾರಲ್ಲ ಎಂದುಕೊಂಡು ಟವೆಲ್ಲನ್ನು ಅದ್ದಿ ಬಾಗಿಲಿಗೆ ಒತ್ತಿ, ಚೊಂಬು ತುಂಬಿಸಲು ಬಗ್ಗಿದೆ. ತಿರುಗಿ ನೋಡುವಷ್ಟರಲ್ಲಿ ಟವೆಲ್ಲು ಬಾಗಿಲಿಗೆ ಅಂಟಿಕೊಂಡು, ಗೋಡೆಗೆ ತಟ್ಟಿದ ಬೆರಣಿಯಂತೆ ಗಟ್ಟಿಯಾಗಿತ್ತು. ಎಳೆದೆ, ಬರಲಿಲ್ಲ. ಇನ್ನೂ ಜೋರಾಗಿ ಎಳೆಯಲೆಂದು ಕಾಲೂರಿದೆ. ಕಾಲಡಿಯಲ್ಲಿ ನಾನೇ ಚೆಲ್ಲಿದ್ದ ನೀರು ಅಷ್ಟರಲ್ಲಿ ಗಾಜಿನ ಹಾಳೆಯಾಗಿತ್ತು. ಮೂರು ಪದರದ ಉಣ್ಣೆ ತೊಟ್ಟು ಬಿದ್ದುದರಿಂದ ಮೂಳೆಗೆ ಏನೂ ಆಗಲಿಲ್ಲ. ಬಕೆಟ್ ಮಾತ್ರ ಇಳಿಜಾರಿನಲ್ಲಿ ಜಾರಿಕೊಂಡು ಎದುರುಮನೆಯ ಅಂಗಳ ಸೇರಿತು.

ಬೆಳಗ್ಗೆ ಎಲ್ಲರೂ ದೇವಸ್ಥಾನಕ್ಕೆ ಹೊರಟಾಗ ನಾಲ್ಕು ಬಾಗಿಲುಗಳಲ್ಲಿ ಒಂದೂ ತೆರೆಯಲಿಲ್ಲ. ಬಾಗಿಲ ಅಂಚಿನ ರಬ್ಬರು ಪಟ್ಟಿಯೊಳಗೆ ಇಳಿದ ನೀರು ಹೆಪ್ಪುಗಟ್ಟಿ, ಬೆಸುಗೆ ಹಾಕಿದಂತೆ ಕೂತಿತ್ತು. ಮಗ ಟವೆಲ್ಲನ್ನು ನೋಡಿದ, ನನ್ನನ್ನು ನೋಡಿದ, "ಏನಪ್ಪಾ ಇದು?" ಎಂದ. ನಾನು ಹಿರಿಯರ ಗಾದೆ ಹೇಳಲು ಬಾಯಿ ತೆರೆದೆ. ಹೆಂಡತಿಯ ಮುಖ ನೋಡಿ ಮುಚ್ಚಿದೆ. ಪುಣ್ಯಕ್ಕೆ ಹಿಂದಿನ ಡಿಕ್ಕಿಗೆ ನಾನು ನೀರು ಹಾಕಿರಲಿಲ್ಲ. ಪಂಚೆ ಉಟ್ಟು ಶಲ್ಯ ಹೊದ್ದಿದ್ದ ಮಗ ಡಿಕ್ಕಿಯ ಮೂಲಕ ತೆವಳಿ, ಸೀಟುಗಳನ್ನು ದಾಟಿ, ಚಾಲಕನ ಸ್ಥಾನ ಸೇರಿ ಎಂಜಿನ್ ಮತ್ತು ಹೀಟರ್ ಹಾಕಿದ. ಬಾಗಿಲು ಬಿಡಲು 40 ನಿಮಿಷ ಹಿಡಿಯಿತು. ಅಷ್ಟು ಹೊತ್ತೂ "ಮಾವ, ಕಾಫಿ ಕೊಡಲಾ?" ಎಂಬುದನ್ನು ಬಿಟ್ಟು ಸೊಸೆ ಬೇರೇನೂ ಮಾತನಾಡಲಿಲ್ಲ, ಆ ಸೌಜನ್ಯವೇ ನನ್ನನ್ನು ಹೆಚ್ಚು ಚುಚ್ಚಿತು.

ದಾರಿಯಲ್ಲಿ ಮಗ ನನಗೆ ಪಾಠ ಮಾಡಿದ. ಸೊನ್ನೆಗಿಂತ ಸುಮಾರು 9 ಡಿಗ್ರಿ ಕೆಳಗಿಳಿದರೆ ಬರಿಯ ಉಪ್ಪು ಹೆಚ್ಚೇನೂ ಕೆಲಸ ಮಾಡುವುದಿಲ್ಲವಂತೆ, ಆಗ ಕ್ಯಾಲ್ಸಿಯಂ ಕ್ಲೋರೈಡಿನಂಥವನ್ನು ಬೆರೆಸುತ್ತಾರಂತೆ. ಮೇಲೆ ಕಾಣುವ ಬಿಳುಪಿಗಿಂತ, ಚಕ್ರಗಳು ಚಿಮ್ಮಿಸಿ ಕಾರಿನ ಹೊಟ್ಟೆಯಡಿ, ಸಂದುಗೊಂದುಗಳಲ್ಲಿ ಕೂರಿಸುವ ಉಪ್ಪೇ ಅಪಾಯವಂತೆ. ಕಾರನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ಇಟ್ಟರೆ ಚಳಿಯಿಂದ ಕಾಪಾಡಿದಂತಾಗುತ್ತದೆ ಎಂದು ನಾನು ಸಲಹೆ ಕೊಟ್ಟೆ. ಹಿಮ ಕರಗಿ, ಉಪ್ಪು ನೆನೆದು, ಬೆಚ್ಚಗಿದ್ದಷ್ಟೂ ತುಕ್ಕು ಚುರುಕಾಗುತ್ತದೆಂದು ಅವನು ತಿರುಗಿ ಉತ್ತರಿಸಿದ. ರಾಸಾಯನಿಕ ಕ್ರಿಯೆಯ ವೇಗ ಉಷ್ಣತೆಯೊಂದಿಗೆ ಹೆಚ್ಚುತ್ತದೆಂಬುದನ್ನು ಅವನಿಗೆ ಹತ್ತನೆಯ ತರಗತಿಯಲ್ಲಿ ಹೇಳಿಕೊಟ್ಟವನು ನಾನೇ. ಗಾಜು ಒರೆಸುವ ವೈಪರಿಗೂ ಅಲ್ಲಿ ನಲ್ಲಿನೀರು ಸಲ್ಲದು, ತೊಟ್ಟಿಯಲ್ಲಿಯೇ ಗಡ್ಡೆ ಕಟ್ಟುತ್ತದೆ. ಮೆಥನಾಲ್ ಬೆರೆತ ನೀಲಿ ದ್ರವವನ್ನು ಕೊಡಗಟ್ಟಲೆ ಕೊಳ್ಳುತ್ತಾರೆ.

ಜನವರಿಯ ಒಂದು ದಿನ ಉಷ್ಣಾಂಶ ಸೊನ್ನೆ ದಾಟಿ 2 ಡಿಗ್ರಿಗೆ ಏರಿತು. ಊರಿಗೆ ಊರೇ ಕಾರು ತೊಳೆಸಲು ಎದ್ದು ಬಂದು, ವೈಕುಂಠ ಏಕಾದಶಿಯ ಸಾಲಿನಂತೆ ನಿಂತಿತು. ನಮ್ಮ ಸರದಿ ಬಂದಾಗ ಕಾರು ತಾನಾಗಿಯೇ ಒಳಗೆ ಸರಿಯಿತು. ಮೊದಲು ಕೆಳಗಿನಿಂದ ಮೇಲಕ್ಕೆ ನೀರಿನ ಕಾರಂಜಿಗಳು ಎದ್ದು ಹೊಟ್ಟೆಯಡಿಗೆ ಬಡಿದವು. ಪಾದಪೂಜೆಯ ನಂತರ ಅಭಿಷೇಕ, ಕೊನೆಗೆ ಬಿಸಿಗಾಳಿ. ಹೊರಬಂದ ಕೂಡಲೇ ಮಗ ನಾಲ್ಕೂ ಬಾಗಿಲು ತೆರೆದು, ನನ್ನ ಕೈಗೆ ಒಣಬಟ್ಟೆ ಕೊಟ್ಟು, ರಬ್ಬರು ಪಟ್ಟಿಗಳನ್ನು ಒರೆಸುವ ಕೆಲಸ ಹಚ್ಚಿದ. ಮನೆ ಮುಟ್ಟುವಷ್ಟರಲ್ಲಿ ಕರಗಿದ ಉಪ್ಪುನೀರು ಎರಚಿ ಕಾರು ಮತ್ತೆ ಬೆಳ್ಳಗಾಯಿತು. ನನಗೆ ಹೊಟ್ಟೆ ಉರಿಯಿತು. "ಹೊಟ್ಟೆ ತೊಳೆದಿದೆಯಲ್ಲ, ಬಿಡಪ್ಪ," ಎಂದು ಮಗ ಒಳಗೆ ಹೋದ.

ಫೆಬ್ರವರಿಯ ಕೊನೆಗೆ ಊರಿಗೆ ಮರಳಿದೆ. ಹೊಸ ಜ್ಞಾನ ಕೈಕಟ್ಟಿ ಕೂರುವಂಥದ್ದಲ್ಲ. ಎರಡು ತಿಂಗಳ ಧೂಳು, ಕಾಗೆಗಳ ಬಾಕಿ ಲೆಕ್ಕ ಎಲ್ಲವನ್ನೂ ಹೊತ್ತಿದ್ದ ಕಾರನ್ನು ಹೊರವಲಯದ ವಾಟರ್ ಸರ್ವಿಸ್ ಅಂಗಡಿಗೆ ಒಯ್ದು, ಮೇಲೆ ಹೇಗಾದರೂ ಇರಲಿ, ಕೆಳಗಡೆ ಚೆನ್ನಾಗಿ ಹೊಡೆಯಬೇಕೆಂದು ಹುಡುಗನಿಗೆ ಹೇಳಿದೆ. "ಕೆಳಗಡೆ ಯಾರು ನೋಡ್ತಾರೆ ಸಾರ್?" ಎಂದು ಅವನು ನಿಜವಾಗಿಯೂ ಆಶ್ಚರ್ಯಪಟ್ಟ. ನಾನು ಉಪ್ಪಿನ ವಿಷಯ ವಿವರಿಸಿದೆ. ಅವನು ಪೈಪು ಹಿಡಿದುಕೊಂಡೇ, "ನಮ್ಮ ರೋಡಲ್ಲಿ ಉಪ್ಪು ಎಲ್ಲಿದೆ ಸಾರ್?" ಎಂದ. ಉತ್ತರ ಹೊಳೆಯದಿದ್ದರೂ ಕೆಳಗೆ ಹೊಡೆಸಿದೆ.

ಮನೆಗೆ ಬರುವಷ್ಟರಲ್ಲಿ ನೀರು ಬಿಸಿಲಿಗೆ ಆರಿ, ಕಾರಿನ ಮೈತುಂಬ ಬಿಳಿಯ ಚುಕ್ಕೆಗಳು ಎದ್ದಿದ್ದವು. ಎದೆ ಧಸಕ್ಕೆಂದಿತು. ಅಭ್ಯಾಸಬಲದಿಂದ ಬೆರಳನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ. ಉಪ್ಪಲ್ಲ, ನಮ್ಮ ಗಡಸು ನೀರಿನ ಸುಣ್ಣದಂಶ. ಸ್ನಾನದ ಮನೆಯ ನಲ್ಲಿಗೂ ಕಟ್ಟುವಂಥದ್ದೇ. ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಮಧ್ಯಾಹ್ನ ಕಳೆದೆ. ಸಂಜೆಯ ಹೊತ್ತಿಗೆ ಕಾರು ಕನ್ನಡಿಯಾಗಿತ್ತು. ಹೋಗಿ ಬರುವವರೆಲ್ಲ ನಿಂತು ನೋಡಿದರು. ಅದೇ ತಪ್ಪಾಯಿತು; ಇಷ್ಟು ಕಣ್ಣು ಬಿದ್ದರೆ ಒಳ್ಳೆಯದಲ್ಲವೆಂದು ಹೆಂಡತಿ ಒಳಗಿನಿಂದ ಒಂದು ಹಿಡಿ ಕಲ್ಲುಪ್ಪು, ಎರಡು ಒಣಮೆಣಸಿನಕಾಯಿ ತಂದು ಕಾರಿಗೆ ನಿವಾಳಿಸತೊಡಗಿದಳು. ಮೂರನೆಯ ಸುತ್ತಿನಲ್ಲಿ ಬೆರಳ ಸಂದಿನಿಂದ ನಾಲ್ಕು ಹರಳು ಉಪ್ಪು ಬಾನೆಟ್ಟಿನ ಮೇಲೆ ಉದುರಿತು.

"ರೀ, ಎಲ್ಲಿಗೆ ಓಡ್ತಿದ್ದೀರಿ?" ಎಂದು ಅವಳು ಕೂಗುವಾಗ ನಾನು ಆಗಲೇ ಬಚ್ಚಲಿನಲ್ಲಿ ಚೊಂಬು ತುಂಬಿಸುತ್ತಿದ್ದೆ.